ನಮ್ಮದೇ ಒಂದು ಮಿಂಚಂಚೆ ಕಚೇರಿ



ಚೌಳಹಿರಿಯೂರಿನ ಶಾಲೆಯಲ್ಲಿ ಓದಿದವರು ಇಂದು ಎಲ್ಲೆಲ್ಲಿ ಇರಬಹುದು? ಕೆಲವರು ಊರಿನಲ್ಲೇ ತೆಂಗು, ರಾಗಿ, ಈರುಳ್ಳಿ ಬೆಳೆಯುತ್ತಿರಬಹುದು. ಕೆಲವರು ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಉದ್ಯೋಗ ಹಿಡಿದಿರಬಹುದು. ಇನ್ನು ಕೆಲವರು ಬೆಂಗಳೂರಿನಲ್ಲೋ, ಸಮುದ್ರದಾಚೆಯೋ ಇರಬಹುದು. ಇವರಲ್ಲಿ ಇನ್ನೂರು ಮಂದಿ ಸೇರಿ ಹಳೆಯ ವಿದ್ಯಾರ್ಥಿಗಳ ಸಂಘವೊಂದನ್ನು ಕಟ್ಟಿದರೆಂದು ಇಟ್ಟುಕೊಳ್ಳೋಣ. ಒಬ್ಬರು ಬರೆದ ಪತ್ರ ಎಲ್ಲರಿಗೂ ತಲುಪಬೇಕು. ಉತ್ತರವೂ ಎಲ್ಲರಿಗೂ ಕಾಣಬೇಕು. ಹತ್ತು ವರ್ಷಗಳ ನಂತರ ಹುಡುಕಿದರೂ ಹಳೆಯ ಪತ್ರ ಸಿಗಬೇಕು. ಈ ಕೆಲಸ ಮಾಡುವ ವ್ಯವಸ್ಥೆಗೆ ಮೇಲಿಂಗ್ ಲಿಸ್ಟ್, ಅಂದರೆ ಅಂಚೆಪಟ್ಟಿ ಎಂದು ಹೆಸರು. ಅದನ್ನು ನಾವೇ ನಡೆಸುವುದು ಹೇಗೆ, ಅದರಲ್ಲಿ ಸುಲಭ ಯಾವುದು, ಕಷ್ಟ ಯಾವುದು ಎಂಬುದೇ ಈ ಪುಟಗಳ ವಿಷಯ.

ಬಿಟ್ಟಿ ಸೇವೆ ಸಾಲದೇ?

ಇದಕ್ಕೆಲ್ಲ ಬಿಟ್ಟಿ ಸೇವೆಗಳಿವೆಯಲ್ಲ ಎಂದು ನೀವು ಕೇಳಬಹುದು. ನಿಜ, ಇವೆ. ಯಾಹೂ ಗ್ರೂಪ್ಸ್ ಅಂಥದೊಂದು ಸೇವೆಯಾಗಿತ್ತು. ಪ್ರಪಂಚದ ನಾನಾ ಭಾಷೆಗಳ ಗುಂಪುಗಳು ವರ್ಷಗಟ್ಟಲೆ ತಮ್ಮ ಪತ್ರ, ಚಿತ್ರಗಳನ್ನು ಅಲ್ಲಿ ಕೂಡಿಟ್ಟಿದ್ದವು. 2019ರ ಅಕ್ಟೋಬರ್‌ನಲ್ಲಿ ಕಂಪನಿಯ ಪ್ರಕಟಣೆ ಹೊರಬಿತ್ತು. ತಮ್ಮ ಸಂಗ್ರಹವನ್ನು ತೆಗೆದುಕೊಳ್ಳಲು ಸದಸ್ಯರಿಗೆ 2020ರ ಜನವರಿ 31ರವರೆಗೆ ಸಮಯ ದೊರೆಯಿತು. ಅದೇ ವರ್ಷ ಡಿಸೆಂಬರ್ 15ರಂದು ಸೇವೆಯೇ ಮುಚ್ಚಿತು. ಪ್ರಕಟಣೆಯನ್ನು ಗಮನಿಸದವರ ಪತ್ರಗಳು ಹೋದವು. ಇನ್ನೊಬ್ಬರ ಮನೆಯ ಕಪಾಟಿನಲ್ಲಿ ಇಟ್ಟ ಕಾಗದಪತ್ರಗಳ ಪಾಡು ಇಷ್ಟೇ. ಮನೆಯವರು ಬೇರೆ ಊರಿಗೆ ಹೊರಟರೆ ಕಪಾಟು ನಮಗಾಗಿ ಕಾಯುವುದಿಲ್ಲ.

ಸ್ವಂತ ಅಂಚೆ ಎಂಬುದು ಹೊಸ ಕಲ್ಪನೆಯಲ್ಲ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಎಂಬ ಜಾಲವನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಬೊಂಬಾಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಮತ್ತು ಐದು ಐಐಟಿಗಳು ಇಲಾಖೆಯ ಜೊತೆ ಅದರಲ್ಲಿ ಸೇರಿದ್ದವು. ಆರಂಭದ ದಿನಗಳಲ್ಲಿ ಒಂದು ಸಂಸ್ಥೆಯ ಕಂಪ್ಯೂಟರ್ ಇನ್ನೊಂದಕ್ಕೆ ದೂರವಾಣಿ ಕರೆ ಮಾಡಿ, ಕೂಡಿಟ್ಟ ಪತ್ರಗಳನ್ನು ಕಟ್ಟುಕಟ್ಟಾಗಿ ಸಾಗಿಸುತ್ತಿತ್ತು. ನಮ್ಮ ದೇಶದಲ್ಲಿ ಅಂತರಜಾಲವು ಸಾರ್ವಜನಿಕರಿಗೆ ದೊರೆತದ್ದು 1995ರ ಆಗಸ್ಟ್ 15ರಂದು. ಮಿಂಚಂಚೆಯ ರಚನೆಯೇ ಹಾಗಿದೆ: ಇದಕ್ಕೆ ಒಬ್ಬ ಒಡೆಯನಿಲ್ಲ. ನಿಯಮ ಪಾಲಿಸುವ ಯಾರು ಬೇಕಾದರೂ ಅಂಚೆ ಕಚೇರಿ ತೆರೆಯಬಹುದು.

ಲಕೋಟೆ ಬೇರೆ, ಒಳಗಿನ ಕಾಗದ ಬೇರೆ

ಆ ನಿಯಮಕ್ಕೆ ಎಸ್‌ಎಂಟಿಪಿ ಎಂದು ಹೆಸರು. ಜೊನಾಥನ್ ಪೋಸ್ಟೆಲ್ ಅದನ್ನು 1982ರಲ್ಲಿ ಬರೆದು ಪ್ರಕಟಿಸಿದರು. ಎರಡು ಅಂಚೆಯಂತ್ರಗಳ ನಡುವೆ ನಡೆಯುವ ಸಂಭಾಷಣೆಯೇ ಅದು. "ನಾನು ಇಂಥ ಯಂತ್ರ" ಎಂದು ಒಂದು ಪರಿಚಯ ಹೇಳಿಕೊಳ್ಳುತ್ತದೆ. ನಂತರ "ಕಳಿಸಿದವರು ಇವರು", "ತಲುಪಬೇಕಾದವರು ಇವರು", "ಇಗೋ ಪತ್ರ" ಎನ್ನುತ್ತದೆ. ಪ್ರತಿ ಮಾತಿಗೂ ಎದುರಿನ ಯಂತ್ರ ಒಂದು ಸಂಖ್ಯೆಯಲ್ಲಿ ಉತ್ತರ ಕೊಡುತ್ತದೆ. 250 ಎಂದರೆ ಸರಿ. 4ರಿಂದ ಆರಂಭವಾದರೆ ಈಗ ಆಗದು, ಆಮೇಲೆ ಬನ್ನಿ. 5ರಿಂದ ಆರಂಭವಾದರೆ ಆಗುವುದೇ ಇಲ್ಲ.

ಇಲ್ಲಿ ಒಂದು ಅಂಶವನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಿ. ಕಾಗದದ ಅಂಚೆಯಲ್ಲಿ ಲಕೋಟೆಯ ಮೇಲೆ ಒಂದು ವಿಳಾಸ ಇರುತ್ತದೆ. ಒಳಗಿನ ಹಾಳೆಯ ತಲೆಯಲ್ಲಿ "ಇಂದ", "ಗೆ" ಎಂದು ಮತ್ತೆ ಬರೆದಿರುತ್ತೇವೆ. ಅಂಚೆಯವರು ನೋಡುವುದು ಲಕೋಟೆಯನ್ನು, ಓದುವವರು ನೋಡುವುದು ಹಾಳೆಯನ್ನು. ಮಿಂಚಂಚೆಯಲ್ಲೂ ಹಾಗೆಯೇ. ಪರದೆಯ ಮೇಲೆ ನೀವು ಕಾಣುವ "ಇಂದ" ಎಂಬುದು ಒಳಗಿನ ಹಾಳೆಯದು. ಲಕೋಟೆಯ ಮೇಲಿನದು ನಿಮಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಇವೆರಡೂ ಒಂದೇ ಆಗಿರಬೇಕೆಂಬ ನಿರ್ಬಂಧ 1982ರ ನಿಯಮದಲ್ಲಿ ಇರಲಿಲ್ಲ.

ಅಂಚೆಪಟ್ಟಿ ನಡೆಯುವುದು ಈ ಸಡಿಲಿಕೆಯ ಮೇಲೆಯೇ. ಒಬ್ಬ ಸದಸ್ಯರು "ಸಂಘ@ಉದಾಹರಣೆ.ಭಾರತ" ಎಂಬ ವಿಳಾಸಕ್ಕೆ ಬರೆದರೆಂದುಕೊಳ್ಳಿ. (ಇದು ವಿವರಣೆಗಾಗಿ ಬಳಸಿದ ಹೆಸರು.) ಪಟ್ಟಿಯ ತಂತ್ರಾಂಶವು ಆ ಹಾಳೆಯನ್ನು ಇನ್ನೂರು ಹೊಸ ಲಕೋಟೆಗಳಲ್ಲಿ ಹಾಕುತ್ತದೆ. ಪ್ರತಿ ಲಕೋಟೆಯ ಮೇಲೂ ಕಳಿಸಿದವರ ಜಾಗದಲ್ಲಿ ತನ್ನದೇ ವಿಳಾಸ ಬರೆಯುತ್ತದೆ. ಏಕೆ? ಯಾವುದಾದರೂ ಪತ್ರ ತಲುಪದೆ ಹಿಂದಿರುಗಿದರೆ ಅದು ಬರೆದವರ ಬಳಿಗೆ ಹೋಗಬಾರದು, ಪಟ್ಟಿಯ ಬಳಿಗೇ ಬರಬೇಕು. ಒಂದೇ ವಿಳಾಸದಿಂದ ಪದೇ ಪದೇ ಪತ್ರ ಹಿಂದಿರುಗಿದರೆ ಅಲ್ಲಿಗೆ ಕಳಿಸುವುದನ್ನು ಪಟ್ಟಿ ನಿಲ್ಲಿಸುತ್ತದೆ. ನಮ್ಮ ದೂರದರ್ಶನದಲ್ಲಿ ಗೋಪುರದಿಂದ ಹೊರಟ ತರಂಗವು ಯಾರ ಮನೆಗೆ ತಲುಪಿತೆಂಬ ಲೆಕ್ಕ ಇಡುವುದಿಲ್ಲ. ಅಂಚೆಪಟ್ಟಿ ಪ್ರತಿ ಮನೆಯ ಲೆಕ್ಕವನ್ನೂ ಇಡುತ್ತದೆ.

ಪೆಟ್ಟಿಗೆಯಲ್ಲಿ ಬರುವ ತಂತ್ರಾಂಶ

ಇದಕ್ಕೆಲ್ಲ ಬೇಕಾದ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಪತ್ರ ಸಾಗಿಸಲು ಪೋಸ್ಟ್‌ಫಿಕ್ಸ್ ಇದೆ; ಇದನ್ನು ವೀಟ್ಸೆ ವೆನೆಮಾ ಎಂಬವರು ರಚಿಸಿ 1998ರಲ್ಲಿ ಬಿಡುಗಡೆ ಮಾಡಿದರು. ಪಟ್ಟಿ ನಡೆಸಲು ಮೇಲ್‌ಮ್ಯಾನ್, ಸದಸ್ಯರ ವಿವರ ಇಡಲು ಪೋಸ್ಟ್‌ಗ್ರೆಸ್ ದತ್ತಸಂಚಯ, ಕಸದ ಪತ್ರ ಸೋಸಲು ಆರ್‌ಸ್ಪ್ಯಾಮ್‌ಡಿ ಇವೆ. ಸದಸ್ಯರಿಗೆ ಹೊಸ ಅಂಚೆಪೆಟ್ಟಿಗೆಯನ್ನೂ ಕೊಡುವುದಾದರೆ ಡವ್‌ಕಾಟ್ ಬೇಕು. ಬರೀ ಪಟ್ಟಿ ಸಾಕೆಂದರೆ ಅದು ಬೇಡ.

ಹಿಂದೆ ಇವೆಲ್ಲವನ್ನೂ ಒಂದೇ ಕಂಪ್ಯೂಟರಿನಲ್ಲಿ ಹೊಂದಿಸುವುದು ತಲೆನೋವಿನ ಕೆಲಸವಾಗಿತ್ತು. ಒಂದಕ್ಕೆ ಬೇಕಾದ ಉಪಕಡತದ ಹಳೆಯ ರೂಪ ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ. ಇದಕ್ಕೆ ದೊರೆತ ಪರಿಹಾರವೇ ಕಂಟೇನರ್. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಒಳನಾಡು ಕಂಟೇನರ್ ಡಿಪೊ ಇದೆ. ಅಲ್ಲಿನ ಉಕ್ಕಿನ ಪೆಟ್ಟಿಗೆಗಳ ಒಳಗೆ ಕಾಫಿ ಇರಲಿ, ಯಂತ್ರದ ಬಿಡಿಭಾಗ ಇರಲಿ, ಕ್ರೇನ್‌ಗೆ ಎಲ್ಲವೂ ಒಂದೇ. ಹೊರಗಿನ ಅಳತೆ ಒಂದೇ ಆದ್ದರಿಂದ ಲಾರಿ, ರೈಲು, ಹಡಗು ಯಾವುದಕ್ಕಾದರೂ ಏರಿಸಬಹುದು. ಮಾಲ್ಕಮ್ ಮ್ಯಾಕ್ಲೀನ್ ಎಂಬ ಅಮೆರಿಕದ ಸಾರಿಗೆ ಉದ್ಯಮಿ 1956ರಲ್ಲಿ 58 ಪೆಟ್ಟಿಗೆಗಳನ್ನು ಹಡಗಿನಲ್ಲಿ ಕಳಿಸಿ ಈ ಪದ್ಧತಿಗೆ ನಾಂದಿ ಹಾಡಿದರು. ತಂತ್ರಾಂಶದಲ್ಲಿ ಇದೇ ಉಪಾಯವನ್ನು ಜನಪ್ರಿಯಗೊಳಿಸಿದ್ದು 2013ರಲ್ಲಿ ಬಂದ ಡಾಕರ್. ಪ್ರತಿ ತಂತ್ರಾಂಶವೂ ತನಗೆ ಬೇಕಾದ ಉಪಕಡತಗಳ ಸಹಿತ ಒಂದು ಪೆಟ್ಟಿಗೆಯಲ್ಲಿ ಬರುತ್ತದೆ. ಪಕ್ಕದ ಪೆಟ್ಟಿಗೆಯ ತಂಟೆಗೆ ಹೋಗುವುದಿಲ್ಲ.

ಯಾವ ಯಾವ ಪೆಟ್ಟಿಗೆ ಬೇಕು, ಯಾವುದು ಯಾವುದರೊಡನೆ ಮಾತನಾಡಬೇಕು, ಹೊರಗಿನವರಿಗೆ ಯಾವ ಬಾಗಿಲು ತೆರೆದಿರಬೇಕು ಎಂಬುದನ್ನು ಕಂಪೋಸ್ ಎಂಬ ಒಂದೇ ಕಡತದಲ್ಲಿ ಬರೆಯುತ್ತೇವೆ. ಒಂದು ಆಜ್ಞೆ ಕೊಟ್ಟರೆ ಇಡೀ ಕಚೇರಿ ಎದ್ದು ನಿಲ್ಲುತ್ತದೆ. ಆದರೆ ಮೂರು ವಿಷಯಗಳಲ್ಲಿ ಎಚ್ಚರ ಬೇಕು.

ಮೊದಲನೆಯದು: ಪೆಟ್ಟಿಗೆಯನ್ನು ಯಾವಾಗ ಬೇಕಾದರೂ ತೆಗೆದು ಹೊಸದನ್ನು ಇಡುತ್ತೇವೆ. ಒಳಗೆ ಇಟ್ಟದ್ದು ಅದರ ಜೊತೆಗೇ ಹೋಗುತ್ತದೆ. ಪತ್ರಗಳು, ಸದಸ್ಯರ ಪಟ್ಟಿ, ಮುದ್ರೆಯ ಕೀಲಿಗಳನ್ನು ಪೆಟ್ಟಿಗೆಯ ಹೊರಗೆ, ವಾಲ್ಯೂಮ್ ಎಂಬ ಶಾಶ್ವತ ಜಾಗದಲ್ಲಿ ಇಡಬೇಕು.

ಎರಡನೆಯದು: ಹೊಸ ಪಟ್ಟಿ ಸೃಷ್ಟಿಯಾದಾಗ ಅದರ ವಿಳಾಸವನ್ನು ಮೇಲ್‌ಮ್ಯಾನ್ ಒಂದು ಕಡತದಲ್ಲಿ ಬರೆದಿಡುತ್ತದೆ. ಆ ಕಡತ ಪೋಸ್ಟ್‌ಫಿಕ್ಸ್‌ನ ಕಣ್ಣಿಗೂ ಬೀಳುವಂತೆ ಹಂಚಿಕೊಟ್ಟಿರಬೇಕು. ಇಲ್ಲವಾದರೆ "ಅಂಥ ವಿಳಾಸವೇ ಇಲ್ಲ" ಎಂದು ಪತ್ರ ಬಾಗಿಲಲ್ಲೇ ಹಿಂದಿರುಗುತ್ತದೆ.

ಮೂರನೆಯದು ಅಪಾಯದ್ದು. ಕೆಲವು ಜೋಡಣೆಗಳಲ್ಲಿ ಹೊರಗಿನಿಂದ ಬಂದವರೆಲ್ಲ ಪೆಟ್ಟಿಗೆಯ ಒಳಗಿರುವ ಪೋಸ್ಟ್‌ಫಿಕ್ಸ್‌ಗೆ ಮನೆಯೊಳಗಿನ ವಿಳಾಸದಿಂದಲೇ ಬಂದವರಂತೆ ಕಾಣುತ್ತಾರೆ. ಆ ವಿಳಾಸವನ್ನು ನಂಬುವಂತೆ ನೀವು ಬರೆದಿದ್ದರೆ, ಲೋಕದ ಯಾವ ಮೋಸಗಾರ ಬೇಕಾದರೂ ನಿಮ್ಮ ಕಚೇರಿಯ ಮೂಲಕ ಪತ್ರ ಸುರಿಯಬಹುದು.

ನಂಬಿಕೆ ಗಳಿಸುವುದು ಹೇಗೆ?

ಯಂತ್ರವನ್ನು ಎಬ್ಬಿಸುವುದು ಒಂದು ಮಧ್ಯಾಹ್ನದ ಕೆಲಸ. ಬೇರೆ ಅಂಚೆ ಕಚೇರಿಗಳು ನಮ್ಮನ್ನು ನಂಬುವಂತೆ ಮಾಡುವುದು ತಿಂಗಳುಗಳ ಕೆಲಸ. ಲಕೋಟೆಯ ಮೇಲೆ ಯಾರು ಯಾರ ಹೆಸರನ್ನಾದರೂ ಬರೆಯಬಹುದಾಗಿದ್ದರಿಂದ ಕಾಲಕ್ರಮದಲ್ಲಿ ಮೂರು ಪರೀಕ್ಷೆಗಳು ಹುಟ್ಟಿಕೊಂಡವು. ಮೂರಕ್ಕೂ ಬೇಕಾದ ವಿವರವನ್ನು ನಮ್ಮ ಡೊಮೈನ್ ಹೆಸರಿನ ಸಾರ್ವಜನಿಕ ದಾಖಲೆಯಲ್ಲಿ, ಅಂದರೆ ಡಿಎನ್‌ಎಸ್‌ನಲ್ಲಿ ಬರೆಯುತ್ತೇವೆ.

ಎಸ್‌ಪಿಎಫ್ ಲಕೋಟೆಯನ್ನು ಪರೀಕ್ಷಿಸುತ್ತದೆ: ಈ ಹೆಸರಿನಲ್ಲಿ ಪತ್ರ ಹಾಕಲು ಈ ಯಂತ್ರಕ್ಕೆ ಅಧಿಕಾರ ಇದೆಯೇ? ಡಿಕಿಮ್ ಹಾಳೆಗೆ ಒತ್ತಿದ ಅರಗಿನ ಮುದ್ರೆಯಂತೆ: ದಾರಿಯಲ್ಲಿ ಯಾರಾದರೂ ಒಕ್ಕಣೆ ತಿದ್ದಿದರೆ ಮುದ್ರೆ ಒಡೆಯುತ್ತದೆ. ಡಿಮಾರ್ಕ್ ಕೇಳುವುದು ಹೀಗೆ: ಓದುಗರಿಗೆ ಕಾಣುವ "ಇಂದ" ಹೆಸರು, ಮೇಲಿನ ಎರಡರಲ್ಲಿ ಒಂದರೊಡನೆಯಾದರೂ ಹೊಂದುತ್ತದೆಯೇ? ಹೊಂದದಿದ್ದರೆ ಏನು ಮಾಡಬೇಕೆಂಬುದನ್ನು ಆ ಹೆಸರಿನ ಒಡೆಯರೇ ತಿಳಿಸಿರುತ್ತಾರೆ.

ಈಗ ನಮ್ಮ ಸಂಘದ ಪತ್ರವನ್ನು ಮತ್ತೆ ನೋಡಿ. ಲಕೋಟೆಯ ಮೇಲೆ ಪಟ್ಟಿಯ ಹೆಸರಿದೆ, ಹಾಳೆಯ ಮೇಲೆ ಬರೆದವರ ಹೆಸರಿದೆ, ಎರಡೂ ಹೊಂದುವುದಿಲ್ಲ. ಜೊತೆಗೆ ಪಟ್ಟಿಯು ವಿಷಯದ ಸಾಲಿಗೆ "[ಸಂಘ]" ಎಂದು ಸೇರಿಸಿದ್ದರಿಂದ ಮುದ್ರೆಯೂ ಒಡೆದಿದೆ. ಪ್ರಾಮಾಣಿಕ ಪತ್ರವೇ ಖೋಟಾ ಪತ್ರದಂತೆ ಕಾಣುತ್ತದೆ! 2014ರ ಏಪ್ರಿಲ್‌ನಲ್ಲಿ ಯಾಹೂ ಸಂಸ್ಥೆಯು ಹೊಂದದ ಪತ್ರಗಳನ್ನೆಲ್ಲ ತಿರಸ್ಕರಿಸಿ ಎಂದು ಘೋಷಿಸಿದಾಗ ಜಗತ್ತಿನ ಅಂಚೆಪಟ್ಟಿಗಳೆಲ್ಲ ತತ್ತರಿಸಿದವು. ಯಾಹೂ ವಿಳಾಸದವರು ಬರೆದ ಪತ್ರಗಳನ್ನು ಇತರ ಸದಸ್ಯರ ಅಂಚೆಯಂತ್ರಗಳು ಹಿಂದಿರುಗಿಸಿದವು. ಅದನ್ನು ಕಂಡ ಪಟ್ಟಿಗಳು ಏನೂ ತಪ್ಪು ಮಾಡದ ಆ ಸದಸ್ಯರಿಗೇ ಪತ್ರ ಕಳಿಸುವುದನ್ನು ನಿಲ್ಲಿಸತೊಡಗಿದವು.

ಪರಿಹಾರ ಎರಡು. ಹಾಳೆಯನ್ನು ಒಂದಕ್ಷರವೂ ತಿದ್ದದೆ ಸಾಗಿಸಬಹುದು, ಮುದ್ರೆ ಉಳಿಯುತ್ತದೆ. ಅಥವಾ "ಇಂದ" ಎಂಬಲ್ಲಿ "ಇಂಥವರು, ಸಂಘದ ಮೂಲಕ" ಎಂದು ಪಟ್ಟಿಯ ವಿಳಾಸವನ್ನೇ ಹಾಕಿ ಹೊಸ ಮುದ್ರೆ ಒತ್ತಬಹುದು. ಮೇಲ್‌ಮ್ಯಾನ್‌ನಲ್ಲಿ ಈ ಆಯ್ಕೆ ಇದೆ. ಇದನ್ನು ಮೊದಲ ದಿನವೇ ನಿರ್ಧರಿಸಿ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ಪರೀಕ್ಷೆಗಳನ್ನು ಇನ್ನಷ್ಟು ಬಿಗಿಗೊಳಿಸಿವೆ.

ಯಂತ್ರ ಎಲ್ಲಿರಬೇಕು?

ಕಂಪ್ಯೂಟರನ್ನು ಚೌಳಹಿರಿಯೂರಿನ ಮನೆಯಲ್ಲೇ ಇಡಬಹುದೇ? ಕಲಿಯಲು ಇಡಬಹುದು, ಸಂಘದ ಅಂಚೆಗೆ ಬೇಡ. ಮನೆಯ ಸಂಪರ್ಕದ ಜಾಲವಿಳಾಸ ಸಾಮಾನ್ಯವಾಗಿ ಆಗಾಗ ಬದಲಾಗುತ್ತದೆ. ಅಂಚೆಯಂತ್ರಗಳು ಪರಸ್ಪರ ಮಾತನಾಡುವ 25ನೇ ಸಂಖ್ಯೆಯ ಬಾಗಿಲನ್ನು ಸೇವೆ ಕೊಡುವವರು ಹಲವೆಡೆ ಮುಚ್ಚಿರುತ್ತಾರೆ. ಯಂತ್ರದ ಜಾಲಸಂಖ್ಯೆಯಿಂದ ಹಿಂದಕ್ಕೆ ಹುಡುಕಿದರೆ ನಮ್ಮ ಹೆಸರೇ ಸಿಗಬೇಕೆಂಬ ನಿಯಮವೂ ಇದೆ. ಮನೆಯಲ್ಲಿ ಅದು ದೊರೆಯುವುದು ಕಷ್ಟ. ಸ್ಥಿರ ವಿಳಾಸವಿರುವ ಒಂದು ಸಣ್ಣ ಬಾಡಿಗೆ ಯಂತ್ರ ಪಡೆಯುವುದು ಮೇಲು. ಎರಡರಿಂದ ನಾಲ್ಕು ಗಿಗಾಬೈಟ್ ಸ್ಮೃತಿ ಇನ್ನೂರು ಮಂದಿಯ ಪಟ್ಟಿಗೆ ಸಾಕು. 25ನೇ ಬಾಗಿಲು ತೆರೆದಿದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ.

ಯಂತ್ರ ಒಂದು ರಾತ್ರಿ ಕೆಟ್ಟು ನಿಂತರೆ ಪತ್ರಗಳು ಕಳೆದುಹೋಗುತ್ತವೆಯೇ? ಇಲ್ಲ. ಕಳಿಸುವ ಯಂತ್ರವು ನಾಲ್ಕೈದು ದಿನಗಳವರೆಗೆ ಮತ್ತೆ ಮತ್ತೆ ಪ್ರಯತ್ನಿಸಬೇಕೆಂದು ನಿಯಮ ಹೇಳುತ್ತದೆ. ಮಿಂಚಂಚೆ ಹುಟ್ಟಿದ್ದೇ ಸಂಪರ್ಕ ಕಡಿದುಹೋಗುತ್ತಿದ್ದ ಕಾಲದಲ್ಲಿ.

ಕನ್ನಡದ ಮಾತು

ಪತ್ರ ಕನ್ನಡದಲ್ಲಿದ್ದರೆ ತೊಂದರೆಯೇನಿಲ್ಲ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಸಾಗಣೆಗಾಗಿ ಬೇಸ್-64 ಸುತ್ತು ಹಾಕಿದರೆ ಅದು ನಾಲ್ಕಾಗುತ್ತದೆ. ಸಾವಿರ ಸಂಕೇತಗಳ ಪತ್ರ ಸುಮಾರು ನಾಲ್ಕು ಸಾವಿರ ಬೈಟ್, ಅಷ್ಟೆ. ವಿಳಾಸವೇ ಕನ್ನಡದಲ್ಲಿದ್ದರೆ? ಅದಕ್ಕೆ 2012ರಲ್ಲಿ ನಿಯಮ ಬಂತು, 2015ರಲ್ಲಿ ಪೋಸ್ಟ್‌ಫಿಕ್ಸ್ ಅದನ್ನು ಅಳವಡಿಸಿಕೊಂಡಿತು. ಆದರೆ ದಾರಿಯ ಪ್ರತಿ ಯಂತ್ರವೂ ಇದನ್ನು ತಿಳಿದಿರಬೇಕಾದ್ದರಿಂದ ಜೊತೆಗೆ ಒಂದು ರೋಮನ್ ಅಕ್ಷರದ ವಿಳಾಸವನ್ನೂ ಇಟ್ಟುಕೊಳ್ಳುವುದು ಜಾಣತನ.

ಹೊಣೆ ಯಾರದು?

ಇನ್ನೂರು ಮಂದಿಯ ವಿಳಾಸ ನಿಮ್ಮ ಕೈಯಲ್ಲಿದೆ ಎಂದರೆ ಇನ್ನೂರು ಮಂದಿಯ ನಂಬಿಕೆ ನಿಮ್ಮ ಕೈಯಲ್ಲಿದೆ. ಒಪ್ಪಿಗೆಯಿಲ್ಲದೆ ಯಾರನ್ನೂ ಪಟ್ಟಿಗೆ ಸೇರಿಸಬೇಡಿ. ಬಿಡಬೇಕೆನ್ನುವವರಿಗೆ ಒಂದೇ ಹೆಜ್ಜೆಯಲ್ಲಿ ದಾರಿ ಇರಲಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಕಾನೂನನ್ನೂ ಮಾಡಿದೆ. ವಾಲ್ಯೂಮ್‌ಗಳ ಪ್ರತಿಯನ್ನು ವಾರಕ್ಕೊಮ್ಮೆ ಬೇರೊಂದು ಜಾಗಕ್ಕೆ ತೆಗೆಯಿರಿ. ಆ ಪ್ರತಿಯಿಂದ ಕಚೇರಿಯನ್ನು ಮತ್ತೆ ಎಬ್ಬಿಸಲು ಸಾಧ್ಯವೇ ಎಂದು ವರ್ಷಕ್ಕೊಮ್ಮೆಯಾದರೂ ಮಾಡಿ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ಕೀಲಿಕೈ ಒಬ್ಬರ ಬಳಿಯೇ ಇರಬಾರದು. ಅವರು ಊರು ಬಿಟ್ಟರೆ ಯಾಹೂ ಗ್ರೂಪ್ಸ್‌ನ ಕಥೆಯೇ ಇಲ್ಲೂ ನಡೆಯುತ್ತದೆ. ಸ್ವಂತ ಕಪಾಟು ಇದ್ದರೆ ಸಾಲದು. ಅದನ್ನು ನೋಡಿಕೊಳ್ಳುವವರು ಇಬ್ಬರಾದರೂ ಇರಬೇಕು.

ಮಾಡಿ ನೋಡಿ

1. ನಿಮಗೆ ಬಂದ ಯಾವುದಾದರೂ ಮಿಂಚಂಚೆಯ ಮೂಲರೂಪವನ್ನು ತೆರೆಯಿರಿ. ಪತ್ರ ಹಾದುಬಂದ ಯಂತ್ರಗಳ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ಮೂರು ಪರೀಕ್ಷೆಗಳ ಫಲಿತಾಂಶವೂ ಅಲ್ಲೇ ಸಿಗುತ್ತದೆ.

2. ಕಾಲೇಜಿನ ಪ್ರಯೋಗಾಲಯದಲ್ಲಿ, ಹೊರಜಾಲಕ್ಕೆ ಕೊಂಡಿಯಿಲ್ಲದ ಎರಡು ಕಂಪ್ಯೂಟರ್‌ಗಳಲ್ಲಿ ಪೋಸ್ಟ್‌ಫಿಕ್ಸ್ ಪೆಟ್ಟಿಗೆಗಳನ್ನು ಎಬ್ಬಿಸಿ. ಎಸ್‌ಎಂಟಿಪಿ ಸಂಭಾಷಣೆಯನ್ನು ಕೈಯಿಂದಲೇ ಟೈಪ್ ಮಾಡಿ ಒಂದು ಪತ್ರ ಕಳಿಸಿ.

3. ಒಂದು ಪೆಟ್ಟಿಗೆಯನ್ನು ಬೇಕೆಂದೇ ಅಳಿಸಿ, ಹೊಸದನ್ನು ಇಡಿ. ಯಾವ ಪತ್ರ ಉಳಿಯಿತು, ಯಾವುದು ಹೋಯಿತು? ಏಕೆ? ಉತ್ತರವನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.