ಆದವಾನಿ ಕೋಟೆ ನೋಡಹೋಗುವವರಿಗೆ



ವರ್ಷಕ್ಕೊಮ್ಮೆಯಾದರೂ ಮಂತ್ರಾಲಯಕ್ಕೆ ಹೋಗಿಬರುವ ಮನೆಗಳು ನಮ್ಮಲ್ಲಿ ಬಹಳ. ಅದೇ ರೈಲು ಮಾರ್ಗದಲ್ಲಿ ಸ್ವಲ್ಪ ಮುಂದಿರುವ ಆದವಾನಿಯಲ್ಲಿ ಇಳಿದು ಗುಡ್ಡದ ಮೇಲಿನ ಹಾಳು ಕೋಟೆಯನ್ನು ಕಂಡವರು ಮಾತ್ರ ಕಡಿಮೆ. ಕಂಡವರೂ ಬಂದು ಹೇಳುವುದು ಒಂದೇ ಮಾತು: "ಏನಿಲ್ಲ, ಬರೀ ಕಲ್ಲು." ಆ ಕಲ್ಲು ಯಾಕೆ ಹಾಗೆ ಬಿದ್ದಿದೆ ಎಂದು ತಿಳಿದು ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ ಎಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಬಯಲಿನಿಂದ ಸುಮಾರು 800 ಅಡಿ ಮೇಲೆದ್ದ ಬಂಡೆಗುಡ್ಡಗಳ ಗುಂಪನ್ನೇ ಬಳಸಿ ಕಟ್ಟಿದ ಕೋಟೆ ಇದು. ಎತ್ತರದ ಎರಡು ಗುಡ್ಡಗಳ ಹೆಸರು ಬಾರಾಕಿಲ್ಲಾ, ತಾಳಿಬಂಡ. ವಿಜಯನಗರದವರ ಕೈಯಲ್ಲಿದ್ದ ಕೋಟೆ 1565ರ ಯುದ್ಧವಾದ ಕೆಲವೇ ವರ್ಷಗಳಲ್ಲಿ ಬಿಜಾಪುರದ ಪಾಲಾಯಿತು. ಹಾಗಾಗಿ ಇದೂ ಹಂಪಿಯ ಜೊತೆಗೇ ಹಾಳಾಯಿತೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಆಮೇಲೂ ಇನ್ನೂರು ವರ್ಷ ಕೋಟೆ ಗಟ್ಟಿಯಾಗಿಯೇ ಇತ್ತು.

ಬಿಜಾಪುರದ ಪರವಾಗಿ ಇಲ್ಲಿದ್ದವನು ಸಿದ್ದಿ ಮಸೂದ್ ಖಾನ್. ರಾಯರಿಗೆ ಮಂಚಾಲೆ ಗ್ರಾಮ ಕೊಟ್ಟ ನವಾಬನೆಂದು ನಾವೆಲ್ಲ ಕೇಳುತ್ತ ಬಂದಿರುವವನು ಇವನೇ. ಕೆಳಗೆ ಊರಿನಲ್ಲಿರುವ ಜಾಮಿಯಾ ಮಸೀದಿ ಕಟ್ಟಿಸಿದವನೂ ಇವನೇ. 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಔರಂಗಜೇಬನ ಸೈನ್ಯ ಆದವಾನಿಗೆ ಬಂತು. ಕೋಟೆ ಜಗ್ಗದಿದ್ದಾಗ ಮೊಗಲ ಸರದಾರ ತೋಪುಗಳನ್ನು ಮಸೀದಿಯ ಕಡೆಗೆ ತಿರುಗಿಸಿದನಂತೆ. ಮಸೀದಿ ಉಳಿಯಲೆಂದು ಮಸೂದ್ ಖಾನ್ ಕೋಟೆಯನ್ನೇ ಒಪ್ಪಿಸಿಬಿಟ್ಟನಂತೆ. ಕಥೆ ಎಷ್ಟು ನಿಜವೋ, ಮಸೀದಿಯಂತೂ ಇಂದಿಗೂ ಸುಸ್ಥಿತಿಯಲ್ಲಿದೆ. ಮೊದಲು ಅದನ್ನು ನೋಡಿ, ಆಮೇಲೆ ಗುಡ್ಡ ಹತ್ತಿ.

ಕೋಟೆ ಕೆಡವಿಸಿದವನು ಟಿಪ್ಪು ಸುಲ್ತಾನ್, 1786ರಲ್ಲಿ. ಆಗ ಇದು ಹೈದರಾಬಾದ್ ನಿಜಾಮನ ಸಹೋದರನ ಮಗನ ವಶದಲ್ಲಿತ್ತು. ಮುತ್ತಿಗೆಯ ಸುದ್ದಿ ಕೇಳಿ ನಿಜಾಮನ ಮತ್ತು ಮರಾಠರ ಸೈನ್ಯ ಬಂದು ಒಳಗಿದ್ದ ಕುಟುಂಬವನ್ನು ಬಿಡಿಸಿಕೊಂಡಿತು. ಮಳೆಗಾಲದ ತುಂಗಭದ್ರೆ ಉಕ್ಕಿದರೆ ದಾಟಲಾಗದೆಂದು ಬೇಗ ಹಿಂದಿರುಗಿತು. ಬರಿದಾದ ಕೋಟೆ ಟಿಪ್ಪುವಿಗೆ ಸಿಕ್ಕಿತು. ನದಿಯಾಚೆಯ ವೈರಿಗಳಿಗೆ ಇಷ್ಟು ಹತ್ತಿರದ ಕೋಟೆ ಮತ್ತೆ ಅವರ ಕೈ ಸೇರಿದರೆ ಕಷ್ಟವೆಂದು ಕೆಡವಿಸಿರಬೇಕು ಎಂದು ನಮಗೆ ತೋರುತ್ತದೆ. ಆದದ್ದೂ ಹಾಗೆಯೇ: ಮರುವರ್ಷದ ಗಜೇಂದ್ರಗಡ ಒಪ್ಪಂದದಲ್ಲಿ ಆದವಾನಿಯನ್ನು ವಾಪಸು ಕೊಡಬೇಕಾಯಿತು.

ಕೋಟೆ ಯಾರದ್ದು ಎಂಬ ಚರ್ಚೆ ನಮ್ಮ ಸಭೆಗಳಲ್ಲಿ ಆಗಾಗ ಏಳುವುದುಂಟು. 1800ರಲ್ಲಿ ನಿಜಾಮ ಇದನ್ನು ಕಂಪನಿಗೆ ಬಿಟ್ಟುಕೊಟ್ಟ. ಮುಂದೆ ಬಳ್ಳಾರಿ ಜಿಲ್ಲೆಗೆ ಸೇರಿತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಒಂದು ಮೇಜಿನ ಕಡತ ಇನ್ನೊಂದು ಮೇಜಿಗೆ ಹೋದ ಹಾಗೆ. ಇಷ್ಟು ಕೈ ಬದಲಾಯಿಸಿದ ಕೋಟೆಗೆ ಒಬ್ಬನೇ ಯಜಮಾನನನ್ನು ಹುಡುಕುವುದು ನಮಗೇನೋ ದಂಡವೆನಿಸುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆಯವರು ವಾಡಿ, ರಾಯಚೂರು ಮಾರ್ಗವಾಗಿ ರೈಲಿನಲ್ಲಿ ಬರಬಹುದು. ರಾಯದುರ್ಗದವರು ಬಳ್ಳಾರಿ, ಗುಂತಕಲ್ಲು ಮೇಲೆ. ಬೇಸಿಗೆಯಲ್ಲಿ ಬೇಡ, ಬಂಡೆ ಕಾದ ಹಂಚಿನಂತಿರುತ್ತದೆ. ಬೆಳಿಗ್ಗೆ ಬೇಗ ಹತ್ತಿ, ಕುಡಿಯುವ ನೀರು ಹೊತ್ತುಕೊಂಡೇ ಹೋಗಿ. ಬಂಡೆಗಳ ಮೇಲೆ ಹೆಸರು ಕೆತ್ತದಂತೆ ಮಕ್ಕಳಿಗೆ ಮೊದಲೇ ಹೇಳಿಡಿ. ಚಳಿಗಾಲದಲ್ಲಿ ಒಟ್ಟಿಗೆ ಹೋಗಲು ಮನಸ್ಸಿರುವವರು ಸಂಘಕ್ಕೆ ಹೆಸರು ಕೊಡಬೇಕು. ಮೊಣಕಾಲು ನೋವಿರುವವರೂ ಬರಬಹುದು. ಅವರ ಜೊತೆ ಕೆಳಗೆ ಮಸೀದಿಯ ಬಳಿ ಕೂರಲು ನಾವಿದ್ದೇವೆ.