ಸ್ಪ್ರೇಯರಿನ ಲೀಥಿಯಂ ಬ್ಯಾಟರಿ ಅಟ್ಟದಲ್ಲಿ ಸತ್ತದ್ದು ಯಾಕೆ?

ನಾಪೋಕ್ಲು ಕಡೆಯ ನಮ್ಮ ತೋಟ ನಾಲ್ಕೆಕರೆ. ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು. ಮಳೆ ಹಿಡಿಯುವ ಮೊದಲು ಮೆಣಸಿಗೆ ಬೋರ್ಡೋ ಹೊಡೆಯಲು ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್ ಇದೆ. ಅದರ ಸೀಸದ ಬ್ಯಾಟರಿ ಸೋತ ಮೇಲೆ ಲೀಥಿಯಂ ಹಾಕಿಸಿದೆ. ಆ ವರ್ಷದ ಸಿಂಪಡಣೆಗೆ ಚೆನ್ನಾಗಿಯೇ ಕೆಲಸ ಮಾಡಿತು. ಕೊನೆಯ ದಿನ ಪಂಪು ತಾನಾಗಿ ನಿಲ್ಲುವ ತನಕ ಹೊಡೆದು, ಹಾಗೇ ಒಯ್ದು ಒಲೆ ಮೇಲಿನ ಅಟ್ಟದಲ್ಲಿಟ್ಟೆ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಒಣಗಿರುವ ಜಾಗ ಅಂದರೆ ಅದೊಂದೇ ತಾನೆ? ಸೆಪ್ಟೆಂಬರಿನಲ್ಲಿ ಕೈಲು ಮುಹೂರ್ತಕ್ಕೆ ಆಯುಧಗಳನ್ನೆಲ್ಲ ಹೊರಗೆ ತೆಗೆದಾಗ ಇದನ್ನೂ ಇಳಿಸಿ ಚಾರ್ಜಿಗೆ ಹಾಕಿದೆ. ಚಾರ್ಜರಿನ ಹಸಿರು ದೀಪ ಹತ್ತಿತು, ಅಷ್ಟೆ. ಒಳಗೆ ಕರೆಂಟು ಹೋಗಲೇ ಇಲ್ಲ.

ಬ್ಯಾಟರಿ ಕಳಪೆ ಅಂತ ಬೈದದ್ದು ನಿಜ. ಆಮೇಲೆ ತಿಳಿಯಿತು, ಕೊಂದವನು ನಾನೇ.

ಲೀಥಿಯಂ ಪ್ಯಾಕಿನೊಳಗೆ ಸೆಲ್ಲುಗಳ ಜೊತೆ ಒಂದು ಚಿಕ್ಕ ಕಾವಲು ಸರ್ಕ್ಯೂಟ್ ಇರುತ್ತದೆ. ಬಿಎಂಎಸ್ ಅಂತ ಅದರ ಹೆಸರು. ಸೆಲ್ಲು ಅತಿಯಾಗಿ ತುಂಬದ ಹಾಗೆ, ಅತಿಯಾಗಿ ಖಾಲಿಯಾಗದ ಹಾಗೆ ಅದು ಬಾಗಿಲು ಹಾಕುತ್ತದೆ. ಆದರೆ ಕಾವಲುಗಾರನಿಗೂ ಊಟ ಬೇಕಲ್ಲ! ಅದು ಹಗಲೂ ರಾತ್ರಿ ಒಂದಿಷ್ಟು ಕರೆಂಟು ಕುಡಿಯುತ್ತಲೇ ಇರುತ್ತದೆ. ಸ್ಪ್ರೇಯರಿನಲ್ಲಿ ವೋಲ್ಟ್ ತೋರಿಸುವ ದೀಪವಿದ್ದು ಅದು ಉರಿಯುತ್ತಿದ್ದರೆ ಇನ್ನಷ್ಟು. ತುಂಬಿದ ಬ್ಯಾಟರಿಗೆ ಇದು ಲೆಕ್ಕವೇ ಅಲ್ಲ. ಪೂರ್ತಿ ಖಾಲಿ ಮಾಡಿ ಮೂರು ತಿಂಗಳು ಇಟ್ಟರೆ ಸೆಲ್ಲು ತಳ ಕಾಣುತ್ತದೆ. ಎರಡೂವರೆ ವೋಲ್ಟಿಗಿಂತ ಬಹಳ ಕೆಳಗಿಳಿದ ಸೆಲ್ಲಿನ ಒಳಗೆ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಆ ತಾಮ್ರ ಮುಂದೆ ಚಾರ್ಜ್ ಮಾಡುವಾಗ ಬೇಡದ ಕಡೆ ಕೂತು ಒಳಗೊಳಗೇ ಶಾರ್ಟ್ ಮಾಡಬಹುದು. ಒಬ್ಬರು ರಿಪೇರಿಯವರು "ಬೇರೆ ಬ್ಯಾಟರಿ ತಾಗಿಸಿ ಎಬ್ಬಿಸಿ ಕೊಡ್ತೇನೆ" ಅಂದರು. ನಾನು ಬೇಡ ಅಂದೆ. ಮರದ ಅಟ್ಟ, ಕೆಳಗೆ ಮೆಣಸಿನ ಮೂಟೆ ಇರುವ ಮನೆಯಲ್ಲಿ ಅಂಥ ಬ್ಯಾಟರಿ ಎದ್ದು ಬರುವುದಕ್ಕಿಂತ ಸತ್ತಿರುವುದೇ ಮೇಲು.

ಕೊಳ್ಳುವಾಗ ಏನು ನೋಡಬೇಕು?

ಅಂಗಡಿಯಲ್ಲಿ ಎಲ್ಲದಕ್ಕೂ "12 ವೋಲ್ಟ್ ಲೀಥಿಯಂ" ಅನ್ನುತ್ತಾರೆ. ಅದರಲ್ಲಿ ಜಾತಿ ಬೇರೆ ಬೇರೆ. ಸಾಮಾನ್ಯ ಲೀಥಿಯಂ ಅಯಾನ್ ಸೆಲ್ಲು 3.7 ವೋಲ್ಟಿನದು, ತುಂಬಿದಾಗ 4.2. ಮೂರನ್ನು ಸಾಲಾಗಿ ಸೇರಿಸಿದರೆ 11.1, ತುಂಬಿದಾಗ 12.6. ಲೀಥಿಯಂ ಐರನ್ ಫಾಸ್ಫೇಟ್ ಸೆಲ್ಲು 3.2 ವೋಲ್ಟು. ನಾಲ್ಕು ಸೇರಿದರೆ 12.8, ತುಂಬಿದಾಗ 14.6. ಡ್ರೋನುಗಳಲ್ಲಿ ಇರುವುದು ಲೀಥಿಯಂ ಪಾಲಿಮರ್. ಅದಕ್ಕೆ ಲೋಹದ ಡಬ್ಬಿ ಇಲ್ಲ, ಚೀಲದ ಹಾಗಿರುತ್ತದೆ. ಹಗುರ, ಒಂದೇ ಸಲಕ್ಕೆ ತುಂಬ ಕರೆಂಟು ಕೊಡುತ್ತದೆ. ಏಟು ಬಿದ್ದರೆ, ಕೆಟ್ಟು ಹೋದರೆ ಉಬ್ಬುತ್ತದೆ. ಹಾರುವ ಯಂತ್ರಕ್ಕೆ ಅದು ಬೇಕು. ನನ್ನ ಪಂಪಿನ ಮೋಟರು ಎಳೆಯುವುದು ಮೂರು ಆಂಪಿಯರ್ ಅಷ್ಟೆ. 8 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಅದು ಎರಡೂವರೆ ಗಂಟೆ ಓಡುತ್ತದೆ. ಇದಕ್ಕೆ ಪಾಲಿಮರಿನ ಶಕ್ತಿ ಯಾಕೆ? ಎರಡನೇ ಸಲ ನಾನು ತಂದದ್ದು ಐರನ್ ಫಾಸ್ಫೇಟ್. ಅಯಾನಿಗಿಂತ ತುಸು ತೂಕ ಜಾಸ್ತಿ. ಆದರೆ ಬಿಸಿ ತಡೆಯುತ್ತದೆ, ಬೆಂಕಿ ಹತ್ತುವುದು ಕಷ್ಟ. ಹಳೇ ಸೀಸದ್ದು ಸುಮಾರು ಎರಡೂವರೆ ಕಿಲೋ ಇತ್ತು, ಇದು ಒಂದು ಕಿಲೋದ ಆಸುಪಾಸು. 16 ಲೀಟರ್ ಹೊತ್ತು ಬರೆ ಹತ್ತುವವನಿಗೆ ಆ ಒಂದೂವರೆ ಕಿಲೋದ ಬೆಲೆ ಗೊತ್ತು.

"2000 ಸಲ ಚಾರ್ಜ್ ಮಾಡಬಹುದು" ಅಂತ ಅಂಗಡಿಯವರು ಹೊಗಳುತ್ತಾರೆ. ನಮಗೆ ಅದರಿಂದ ಏನು? ವರ್ಷಕ್ಕೆ 40 ಸಲ ಚಾರ್ಜ್ ಮಾಡಿದರೆ ಹೆಚ್ಚು. 500 ಸಲ ಬರುವ ಬ್ಯಾಟರಿಯೂ ಆ ಲೆಕ್ಕದಲ್ಲಿ 12 ವರ್ಷ ಬರಬೇಕು. ಬರುವುದಿಲ್ಲ, ಯಾಕೆಂದರೆ ನಮ್ಮ ಬ್ಯಾಟರಿ ದುಡಿದು ಸಾಯುವುದಿಲ್ಲ, ಕೂತು ಸಾಯುತ್ತದೆ. ಹಾಗಾಗಿ ತಯಾರಾದ ತಿಂಗಳು ಯಾವುದು, ಬಿಎಂಎಸ್ ಇದೆಯೇ, ಅದಕ್ಕೇ ಹೊಂದುವ ಚಾರ್ಜರ್ ಕೊಡುತ್ತಾರೆಯೇ ಎಂದು ಕೇಳಿ.

ಚಾರ್ಜರ್ ಪಿನ್ನು ಹೊಂದಿತು ಅಂತ ಚುಚ್ಚಬೇಡಿ. ಹಳೇ ಸೀಸದ ಚಾರ್ಜರು 14 ವೋಲ್ಟಿನ ಮೇಲೆ ಕೊಡುತ್ತದೆ. ಮೂರು ಸೆಲ್ಲಿನ ಅಯಾನ್ ಪ್ಯಾಕಿಗೆ 12.6 ದಾಟಬಾರದು. ಬಿಎಂಎಸ್ ತಡೆಯುತ್ತದಲ್ಲ ಅನ್ನಬಹುದು. ತಡೆಯುತ್ತದೆ, ಆದರೆ ಅದು ಕೊನೆಯ ಬೇಲಿ, ದಿನಾ ಅದನ್ನೇ ಹಾರಿಸಬಾರದು. ಚಾರ್ಜರಿನ ಚೀಟಿಯಲ್ಲಿ ಔಟ್‌ಪುಟ್ ಎಷ್ಟು ಅಂತ ಓದಿ, ಎರಡಕ್ಕೂ ಒಂದೇ ಬಣ್ಣದ ಟೇಪು ಸುತ್ತಿ. ನಮ್ಮ ಮನೆಯಲ್ಲಿ ಕೆಂಪು ಕೆಂಪಿಗೆ ಮಾತ್ರ.

ತೋಟದಿಂದ ತಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಬೋರ್ಡೋದ ಮೈಲುತುತ್ತ ಟರ್ಮಿನಲ್ಲನ್ನು ತಿನ್ನುತ್ತದೆ. ಒರೆಸಿ, ಒಣಗಿಸಿ, ಅರ್ಧ ಗಂಟೆ ತಣಿಯಲು ಬಿಡಿ. ಚಾರ್ಜಿಗೆ ಇಡುವುದು ಸಿಮೆಂಟ್ ನೆಲದ ಮೇಲೆ, ಹತ್ತಿರ ಗೋಣಿ, ಸೌದೆ ಇಲ್ಲದ ಕಡೆ, ಮನೆಯವರು ಎಚ್ಚರವಿರುವಾಗ. ಮರ ಬಿದ್ದು ಕರೆಂಟು ಹೋದರೆ ಪ್ಲಗ್ ಕಿತ್ತಿಡಿ, ಬಂದ ಮೇಲೆ ಹತ್ತು ನಿಮಿಷ ಬಿಟ್ಟು ಹಾಕಿ.

ಇನ್ನು ಮಳೆಗಾಲಕ್ಕೆ ಎತ್ತಿಡುವುದು. ಪೂರ್ತಿ ಖಾಲಿ ಬೇಡ, ಪೂರ್ತಿ ತುಂಬುವುದೂ ಬೇಡ. ತುಂಬಿದ ಬ್ಯಾಟರಿ ಬಿಸಿ ಜಾಗದಲ್ಲಿ ಬೇಗ ಮುದಿಯಾಗುತ್ತದೆ. ಅರ್ಧ ಇರಲಿ. ಅರ್ಧ ಅಂತ ಗೊತ್ತಾಗುವುದು ಹೇಗೆ? ಅಯಾನ್ ಪ್ಯಾಕಾದರೆ ಮೀಟರಿನಲ್ಲಿ 11.4 ವೋಲ್ಟಿನ ಹತ್ತಿರ. ಐರನ್ ಫಾಸ್ಫೇಟಿಗೆ ಈ ಉಪಾಯ ನಡೆಯದು, ಬಹುಪಾಲು ಅದು ಒಂದೇ ವೋಲ್ಟು ತೋರಿಸುತ್ತಿರುತ್ತದೆ. ಆಗ ಗಡಿಯಾರವೇ ಮೀಟರು. ನನ್ನದು ಖಾಲಿಯಿಂದ ತುಂಬಲು ಐದು ಗಂಟೆ ಬೇಕು. ಪಂಪು ನಿಂತ ದಿನ ಸಂಜೆ ಎರಡೂವರೆ ಗಂಟೆ ಹಾಕಿ ತೆಗೆಯುತ್ತೇನೆ. ಸ್ಪ್ರೇಯರಿನ ವಯರು ಬಿಡಿಸಿ, ಡಬ್ಬದಲ್ಲಿಟ್ಟು, ಒಲೆಯಿಂದ ದೂರದ ಬೀರುವಿನ ಕೆಳತಟ್ಟೆಗೆ. ಎರಡು ತಿಂಗಳಿಗೊಮ್ಮೆ ಒಂದು ಗಂಟೆ ಚಾರ್ಜು. ಮೂರು ಮಳೆಗಾಲ ಕಳೆಯಿತು, ಈಗಲೂ ಹೊಸತರ ಹಾಗೇ ಹೊಡೆಯುತ್ತದೆ.

ಸತ್ತ ಬ್ಯಾಟರಿಯನ್ನು ಗೊಬ್ಬರದ ಗುಂಡಿಗೆ ಎಸೆಯುವುದು, ಸುಡುವುದು, ಚುಚ್ಚಿ ನೋಡುವುದು ಯಾವುದೂ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ಸಂಗ್ರಹಿಸಿ ವಿಲೇವಾರಿ ಮಾಡಿಸುವ ಹೊಣೆ ತಯಾರಕರದ್ದು. ಹೊಸತು ಕೊಳ್ಳುವಾಗ ಹಳೆಯದನ್ನು ತೆಗೆದುಕೊಳ್ಳುತ್ತೀರಾ ಅಂತ ಮೊದಲೇ ಕೇಳಿ. ಉಬ್ಬಿದ್ದಾದರೆ ಅಲ್ಲಿಯ ತನಕ ಮನೆಯ ಹೊರಗೆ, ಮಳೆ ಬೀಳದ ಕಡೆ, ಒಣ ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿಡಿ.