ಎತ್ತರದಿಂದ ಕಂಡ ಚುಕ್ಕೆಗಳು

ಕ್ಯಾರಲ್ ರೀಡ್ ನಿರ್ದೇಶನದ 'ದಿ ಥರ್ಡ್ ಮ್ಯಾನ್' (1949) ಚಿತ್ರದ ಹ್ಯಾರಿ ಲೈಮ್, ಯುದ್ಧಾನಂತರದ ವಿಯೆನ್ನಾದಲ್ಲಿ ಕಲಬೆರಕೆ ಪೆನಿಸಿಲಿನ್ ಮಾರುವ ಕಾಳಸಂತೆಕೋರ. ಜೈಂಟ್ ವ್ಹೀಲ್‌ನ ಎತ್ತರದಿಂದ ಅವನಿಗೆ ಕೆಳಗಿನ ಮನುಷ್ಯರು ಬರೀ ಚುಕ್ಕೆಗಳು. ಚುಕ್ಕೆಯೊಂದು ಅಳಿದರೆ ತೆರಿಗೆಯಿಲ್ಲದ ಲಾಭ. ಗೆಳೆಯ ಹಾಲಿ ಮಾರ್ಟಿನ್ಸ್ ಮೊದಲು ಪೊಲೀಸರ ಮಾತನ್ನು ನಂಬುವುದಿಲ್ಲ. ನಂಬಿದ ಮೇಲೂ ಹಿಂಜರಿಯುತ್ತಾನೆ. ಆ ಔಷಧಕ್ಕೆ ಬಲಿಯಾದ ಮಕ್ಕಳನ್ನು ಆಸ್ಪತ್ರೆಯಲ್ಲಿ ಕಂಡ ನಂತರವೇ ಅವನ ಮನಸ್ಸು ಗಟ್ಟಿಯಾಗುವುದು. ಪ್ರೇಯಸಿ ಆ್ಯನಾ ಮಾತ್ರ ಎಲ್ಲವನ್ನೂ ತಿಳಿದ ಮೇಲೂ ಲೈಮ್‌ಗೆ ದ್ರೋಹ ಬಗೆಯಲಾರಳು. ಕೊನೆಯಲ್ಲಿ ಮಾರ್ಟಿನ್ಸ್‌ನತ್ತ ಕಣ್ಣೆತ್ತಿಯೂ ನೋಡದೆ ನಡೆದುಹೋಗುತ್ತಾಳೆ. ಅವಳ ನಿಷ್ಠೆ ಘನವಾದದ್ದೇ. ಆದರೆ ಅದರ ಲೆಕ್ಕದಲ್ಲಿ ಆ ಮಕ್ಕಳಿಗೆ ಸ್ಥಾನವಿಲ್ಲ. ಕಡತಗಳಲ್ಲಿ ಜನರನ್ನು ಅಂಕಿಗಳಾಗಿ ಕಂಡ ನನ್ನಂಥ ನಿವೃತ್ತ ಅಧಿಕಾರಿಗೆ ಚಿತ್ರ ಕೇಳುವ ಪ್ರಶ್ನೆ ಇಷ್ಟೇ: ಎತ್ತರದಲ್ಲಿ ಕುಳಿತವನು ಕೆಳಗಿಳಿದು ಎಷ್ಟು ಸಲ ಆ ವಾರ್ಡಿಗೆ ಹೋಗಿದ್ದಾನೆ?